ನಲವತ್ತೇಳನೇ ಸಾಲಿನ ಸಂಸಾರ

ಐನೂರು ಸಾಲುಗಳಲ್ಲಿ ಒಂದೇ ಒಂದು ಇಂಟು ಗುರುತೂ ಇರಲಿಲ್ಲ. ನಾನೂರ ಎಪ್ಪತ್ತು ಸಾಲುಗಳ ಮುಂದೆ ಹಸಿರು ಇಂಕಿನ ಒಪ್ಪವಾದ ರೈಟ್ ಗುರುತುಗಳು, ಉಳಿದ ಮೂವತ್ತರ ಮುಂದೆ ಖಾಲಿ ಜಾಗ. ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿನ ಆಫೀಸಿನಲ್ಲಿ ಕುಳಿತು ನಿವೇದಿತಾ ಆ ಹಾಳೆಗಳನ್ನು ಎರಡು ಸಲ ಎಣಿಸಿದಳು. ಆಮೇಲೆ ಕ್ಯಾಲ್ಕುಲೇಟರ್ ತೆಗೆದು ಐನೂರರಿಂದ ಭಾಗಿಸಿದಳು. ಐನೂರರಿಂದ ಭಾಗಿಸುವುದಕ್ಕೆ ಕ್ಯಾಲ್ಕುಲೇಟರ್ ಬೇಕಾಗಿಲ್ಲ ಎಂದು ಅವಳಿಗೂ ಗೊತ್ತಿತ್ತು, ಆದರೆ ಖುಷಿಯಾದ ಮನುಷ್ಯರು ಇಂಥ ಕೆಲಸ ಮಾಡುತ್ತಾರೆ. ನೂರಕ್ಕೆ ತೊಂಬತ್ತನಾಲ್ಕು.

ಅವಳಿಗೆ ಬೇಕಾಗಿದ್ದದ್ದು ಎಂಬತ್ತೈದು. ಇಪ್ಪತ್ತೊಂದು ಜನರ ಆ ಪುಟ್ಟ ಕಂಪನಿ ಮಕ್ಕಳಿಗೆ ಭಾಷೆ ಕಲಿಸುವ ಸಾಫ್ಟ್‌ವೇರ್ ಮಾಡುತ್ತಿತ್ತು. ಅದರ ಯಜಮಾನ ಮಧುಕರ್ ಮಂಡ್ಯದ ಕಡೆಯವನು, ಮಾತು ಸುತ್ತಿ ಬಳಸಿ ಆಡುವವನಲ್ಲ. ಎಂಬತ್ತೈದು ಬಂದರೆ ಥಾಯ್ ಭಾಷೆಯ ಕೆಲಸ ಮುಂದುವರಿಯುತ್ತದೆ, ಬರದಿದ್ದರೆ ಮುಚ್ಚಿ ಎಲ್ಲರೂ ಸ್ಪ್ಯಾನಿಷ್‌ಗೆ ಹೋಗುವುದು ಎಂದು ವರ್ಷದ ಮೊದಲ ಮೀಟಿಂಗಿನಲ್ಲೇ ಹೇಳಿಬಿಟ್ಟಿದ್ದ. ಥಾಯ್ ಅಂದರೆ ನಿವೇದಿತಾ. ಆ ವಿಭಾಗದಲ್ಲಿ ಇದ್ದವಳು ಅವಳೊಬ್ಬಳೇ.

ನಿವೇದಿತಾ ಹುಬ್ಬಳ್ಳಿಯವಳು. ಧಾರವಾಡದಲ್ಲಿ ಭಾಷಾವಿಜ್ಞಾನ ಓದಿ, ಇಲ್ಲಿಗೆ ಬಂದ ಮೇಲೆ ಕಂಪ್ಯೂಟರನ್ನೂ ಕಲಿತು, ಮಗಳು ಲಾಸ್ಯಾ ಹುಟ್ಟಿದ ಮೇಲೆ ಒಂಬತ್ತು ವರ್ಷ ಮನೆಯಲ್ಲೇ ಇದ್ದವಳು. ಮತ್ತೆ ಕೆಲಸ ಹುಡುಕಲು ಹೊರಟಾಗ ನಲವತ್ತು ಕಡೆ ಒಂದೇ ಪ್ರಶ್ನೆ: ಈ ಒಂಬತ್ತು ವರ್ಷ ಏನು ಮಾಡುತ್ತಿದ್ದಿರಿ? ಆ ಪ್ರಶ್ನೆ ಕೇಳದೆ ಕೆಲಸ ಕೊಟ್ಟವನು ಮಧುಕರ್ ಒಬ್ಬನೇ. ಈಗ ಈ ತೊಂಬತ್ತನಾಲ್ಕನ್ನು ಇಟ್ಟುಕೊಂಡು ಒಂದು ಸಂಶೋಧನಾ ಪ್ರಬಂಧ ಹೊರಡುವುದಿತ್ತು, ಅದರಲ್ಲಿ ಮೊದಲನೆಯ ಹೆಸರು ಅವಳದು. ಒಂಬತ್ತು ವರ್ಷದ ಪ್ರಶ್ನೆಗೆ ಅದೇ ಉತ್ತರ ಎಂದು ಅವಳು ಒಳಗೊಳಗೇ ನಿರ್ಧರಿಸಿಕೊಂಡಿದ್ದಳು.

ಕೆಲಸ ಇಷ್ಟೆ. ಅಮೆರಿಕದಲ್ಲಿ ಹುಟ್ಟಿದ ಥಾಯ್ ಮಗು ತನಗೆ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತದೆ. ಯಂತ್ರ ಪದಕ್ಕೆ ಪದ ಹೊಂದಿಸುವುದಿಲ್ಲ, ಅರ್ಥ ಹಿಡಿದು ಹುಡುಕುತ್ತದೆ. ತನ್ನ ಬಳಿ ಇರುವ ಸಾವಿರಾರು ಥಾಯ್ ವಾಕ್ಯಗಳಲ್ಲಿ ಮಗುವಿನ ಮನಸ್ಸಿಗೆ ಹತ್ತಿರವಾದದ್ದನ್ನು ತೆಗೆದು ಕೊಡುತ್ತದೆ. ಯಂತ್ರಕ್ಕೆ ಅರ್ಥ ತಿಳಿಯಬೇಕಾದರೆ ಬೆಟ್ಟದಷ್ಟು ಓದಬೇಕು, ಇವರ ಬಳಿ ಇದ್ದದ್ದು ಬುಟ್ಟಿಯಷ್ಟು. ಸಾಲದ್ದಕ್ಕೆ ಥಾಯ್ ಬರಹದಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುವುದಿಲ್ಲ. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಹುಟ್ಟಿತು ಎಂಬುದೇ ಯಂತ್ರಕ್ಕೆ ದೊಡ್ಡ ತಲೆನೋವು.

ಇಲ್ಲಿ ನಿವೇದಿತಾಗೆ ಒಂದು ಉಪಾಯ ಹೊಳೆದಿತ್ತು. ಥಾಯ್ ತುಂಬ ಸಂಸ್ಕೃತ, ಪಾಳಿಯ ಪದಗಳು. ವೇಳೆಗೆ ಅವರು ವೇಲಾ ಎನ್ನುತ್ತಾರೆ. ಮೇಷ್ಟರಿಗೆ ಖ್ರೂ, ಅದು ನಮ್ಮ ಗುರು. ಏಪ್ರಿಲ್‌ನಲ್ಲಿ ಬರುವ ಅವರ ಹೊಸ ವರ್ಷ ಸೊಂಗ್‌ಕ್ರಾನ್, ಅದು ನಮ್ಮ ಸಂಕ್ರಾಂತಿ. ಇಂಥ ಮುನ್ನೂರು ಪದಗಳನ್ನು ಹೆಕ್ಕಿ, ಕನ್ನಡದಲ್ಲಿ ತನಗೆ ತಿಳಿದಿದ್ದ ಅರ್ಥವನ್ನೇ ಅವಕ್ಕೆ ಕೊಟ್ಟು, ಯಂತ್ರದ ಅಂಗಳದಲ್ಲಿ ಗೂಟ ಹೊಡೆದ ಹಾಗೆ ನೆಟ್ಟಳು. ಉಳಿದ ಪದಗಳು ಆ ಗೂಟಗಳನ್ನು ಆಧರಿಸಿ ತಮ್ಮ ತಮ್ಮ ಜಾಗ ಹುಡುಕಿಕೊಂಡವು. ನಿಘಂಟು ತೆಗೆದು ಒಂದೊಂದನ್ನೂ ತಾಳೆ ನೋಡಬಹುದಿತ್ತು. ಮನೆಯ ಪದಗಳ ಹಾಗೆ ಕಂಡವಕ್ಕೆ ನಿಘಂಟು ಯಾಕೆ ಎಂದುಕೊಂಡಳು. ಹುಬ್ಬಳ್ಳಿ ಹುಡುಗಿ ಥಾಯ್ ಯಂತ್ರಕ್ಕೆ ಬುದ್ಧಿ ಕಲಿಸಿದ ಬಗೆ ಇದು, ಅದರ ಬಗ್ಗೆ ಅವಳಿಗೆ ಸಾಕಷ್ಟು ಜಂಬವೂ ಇತ್ತು.

ಮಕ್ಕಳ ಐನೂರು ವಾಕ್ಯಗಳಿಗೆ ಯಂತ್ರ ಕೊಟ್ಟ ಉತ್ತರಗಳನ್ನು ಪಟ್ಟಿಯಲ್ಲಿ ನೋಡಿ ರೈಟ್ ಗುರುತುಗಳನ್ನು ಹಾಕಿದವರು ಹೇವರ್ಡ್ ಊರಿನ ಥಾಯ್ ದೇವಸ್ಥಾನದ ಭಾನುವಾರದ ಶಾಲೆಯ ಶಿಕ್ಷಕಿ. ಅರವತ್ತು ದಾಟಿದ ಹೆಂಗಸು, ವಾರದ ದಿನಗಳಲ್ಲಿ ಅಲ್ಲೇ ಒಂದು ಗೋದಾಮಿನಲ್ಲಿ ಸ್ಟಾಕು ನೋಡಿಕೊಳ್ಳುತ್ತಿದ್ದರು, ಭಾನುವಾರ ಅರವತ್ತೆರಡು ಮಕ್ಕಳಿಗೆ ಪಾಠ. ಅವರ ಹೆಸರು ಪ್ರಾಣಿ. ಮೊದಲ ದಿನ ಅವರು ಕೈ ಮುಗಿದು "ನಾನು ಪ್ರಾಣಿ" ಎಂದಾಗ ನಿವೇದಿತಾ ನಗು ತಡೆಯಲು ಕೆಮ್ಮಬೇಕಾಯಿತು. ಅವರ ಭಾಷೆಯಲ್ಲಿ ಆ ಸದ್ದಿಗೆ ಕರುಣೆ ಎಂಬ ಅರ್ಥವಿದೆ ಎಂದು ಆಮೇಲೆ ಗೊತ್ತಾಯಿತು. ಆಗಲೇ ಅವಳು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ.

ತೊಂಬತ್ತನಾಲ್ಕರ ಋಣ ತೀರಿಸಲು ಆ ಶನಿವಾರ ಪ್ರಾಣಿಯವರನ್ನು ಹತ್ತಿರದ ಡಬ್ಲಿನ್ ಊರಿನ ತನ್ನ ಮನೆಗೆ ಊಟಕ್ಕೆ ಕರೆದಳು. ಮನೆಯಲ್ಲಿ ಅವಳ ಅತ್ತೆ ದಾನವ್ವ ಇದ್ದರು, ಆರು ತಿಂಗಳಿಗೆಂದು ಗದಗದಿಂದ ಬಂದವರು. ಹೆಸರು ಕೇಳಿ ದಾನವ್ವ ಸೊಸೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಅಲ್ಲವಾ ನಿವಿ, ಹೆಣ್ಣುಮಗಳಿಗೆ ಪ್ರಾಣಿ ಅಂತ ಹೆಸರಿಟ್ಟಾರ? ಹೆತ್ತವರಿಗೆ ಬ್ಯಾರೆ ಹೆಸರು ಸಿಗಲಿಲ್ಲೇನು?"

"ಅವರ ಭಾಷಾದಾಗ ಅದಕ್ಕ ಕರುಣಿ ಅಂತ ಅರ್ಥರೀ ಅತ್ತಿ."

"ಹಂಗಾದ್ರ ಛಲೋ ಆತು," ಎಂದು ದಾನವ್ವ ರೊಟ್ಟಿ ತಟ್ಟಲು ಹೊರಟರು.

ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ನಿವೇದಿತಾಗೆ ಶನಿವಾರದ ಒಪ್ಪೊತ್ತು, ಬಾಳೆಹಣ್ಣು ತಿಂದು ಎದುರಿಗೆ ಕುಳಿತಿದ್ದಳು. ಬಂದವರ ಊಟ ಆಗುವ ತನಕ ದಾನವ್ವ ತಟ್ಟೆ ಮುಟ್ಟುವವರಲ್ಲ. ಪ್ರಾಣಿಯವರು ಎಣ್ಣೆಗಾಯಿಯ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಅಗಲಿಸಿ, "ಅರೋಯ್" ಎಂದರು. ರುಚಿಯಾಗಿದೆ ಎಂದರ್ಥ. ದಾನವ್ವ ಇನ್ನೆರಡು ಬದನೆಕಾಯಿ ಬಡಿಸಿದರು. ಅವರು ಅದನ್ನೂ ತಿಂದರು, ಮತ್ತೆ "ಅರೋಯ್" ಎಂದರು, ನಡುನಡುವೆ ನಾಲ್ಕು ಗ್ಲಾಸು ನೀರು ಕುಡಿದರು. ದಾನವ್ವನಿಗೆ ಹಿಗ್ಗೋ ಹಿಗ್ಗು. ಹೊರಡುವಾಗ ಮಿಕ್ಕಿದ್ದರಲ್ಲಿ ಅರ್ಧವನ್ನು ಡಬ್ಬಿಗೆ ಹಾಕಿ ಕೊಟ್ಟರು, ಪ್ರಾಣಿಯವರು ತಲೆ ಬಾಗಿಸಿ ತೆಗೆದುಕೊಂಡು ಹೋದರು.

ಸಂಜೆ ನಾಲ್ಕಕ್ಕೆ ಲಾಸ್ಯಾ ಈಜಿನ ಕ್ಲಾಸಿನಿಂದ ಬಂದು ಅಜ್ಜಿಯ ಜೊತೆ ಊಟಕ್ಕೆ ಕುಳಿತಳು. ಮೊದಲ ತುತ್ತಿಗೇ ಮುಖ ಕಿವಿಚಿದಳು.

"ಅಜ್ಜಿ, ದಿಸ್ ಈಸ್ ಸೋ ಸಾಲ್ಟಿ! ಐ ಕಾಂಟ್ ಈಟ್ ದಿಸ್!"

ದಾನವ್ವ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿದರು. ಹೂರಣಕ್ಕೆ ಒಮ್ಮೆ ಹಾಕಿದ್ದ ಉಪ್ಪು ಮರೆತು, ಒಗ್ಗರಣೆಯಲ್ಲಿ ಮತ್ತೊಮ್ಮೆ ಹಾಕಿದ್ದರು. ನಾಲಿಗೆ ಸುಡುವ ಉಪ್ಪು.

"ಅಯ್ಯ ಶಿವನ! ಪಾಪ ಅಕಿ ಮೂರು ಕಾಯಿ ತಿಂದ್ಲಲ್ಲ! ನಾಕು ಗ್ಲಾಸ್ ನೀರು ಕುಡದಾಗನ ನನಗ ತಿಳೀಬೇಕಿತ್ತು," ಎಂದು ದಾನವ್ವ ಹಣೆಗೆ ಕೈ ಹಚ್ಚಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ, "ಭಾಳ ದಾಕ್ಷಿಣ್ಯದಾಕಿ ಐದಾಳ ನೋಡು. ಅಕಿ ಹೂಂ ಅಂದದ್ದು ಹೂಂ ಅಲ್ಲ, ತಿಳಕೋ," ಎಂದರು.

ಅವರು ಹೇಳಿದ್ದು ಬದನೆಕಾಯಿಯ ಮಾತು. ನಿವೇದಿತಾಗೆ ಕೇಳಿಸಿದ್ದು ನಾನೂರ ಎಪ್ಪತ್ತು ಹಸಿರು ಗುರುತುಗಳ ಮಾತು. ಅವಳು ಎದ್ದು ಹೋಗಿ ಬ್ಯಾಗಿನಿಂದ ಹಾಳೆಗಳನ್ನು ತೆಗೆದಳು. ಗುರುತಿಲ್ಲದ ಆ ಮೂವತ್ತು ಸಾಲುಗಳನ್ನು ಒಂದೊಂದಾಗಿ ನೋಡಿದಳು. ಮೂವತ್ತರಲ್ಲೂ ಯಂತ್ರ ಉತ್ತರವನ್ನೇ ಕೊಟ್ಟಿರಲಿಲ್ಲ, ಜಾಗ ಖಾಲಿ ಇತ್ತು. ಯಂತ್ರ ಎಲ್ಲೆಲ್ಲಿ ಬಾಯಿ ತೆರೆದಿತ್ತೋ ಅಲ್ಲೆಲ್ಲ ಪ್ರಾಣಿಯವರು ರೈಟ್ ಹಾಕಿದ್ದರು. ಹಾಕಲು ಸಾಧ್ಯವಿದ್ದ ಕಡೆಯೆಲ್ಲ ಹಾಕಿದ್ದರು.

ಮರುದಿನ ಬೆಳಗ್ಗೆ ಹೇವರ್ಡ್‌ಗೆ ಹೋದಳು. ದೇವಸ್ಥಾನದ ಹಿಂದಿನ ಹಾಲಿನಲ್ಲಿ ಮಕ್ಕಳು ಸೊಂಗ್‌ಕ್ರಾನ್ ಹಬ್ಬಕ್ಕೆ ಕಾರ್ಡು ಮಾಡುತ್ತಿದ್ದರು. ಆ ದಿನ ಮಕ್ಕಳು ಹಿರಿಯರ ಅಂಗೈ ಮೇಲೆ ಸುವಾಸನೆಯ ನೀರು ಸುರಿದು ಆಶೀರ್ವಾದ ಬೇಡುವುದು ಅವರ ಪದ್ಧತಿ. ಈ ವರ್ಷ ಪ್ರತಿ ಮಗುವೂ ನೀರು ಸುರಿದು ಒಂದು ಥಾಯ್ ವಾಕ್ಯ ಹೇಳಬೇಕು, ಆ ವಾಕ್ಯವನ್ನು ನಿವೇದಿತಾಳ ಯಂತ್ರದಿಂದ ಹುಡುಕಿಕೊಳ್ಳಬೇಕು ಎಂದು ಗೊತ್ತಾಗಿತ್ತು.

ಕಿಟಕಿಯ ಪಕ್ಕದಲ್ಲಿ ಪ್ಲೋಯ್ ಎಂಬ ಹನ್ನೊಂದು ವರ್ಷದ ಹುಡುಗಿ ಕುಳಿತಿದ್ದಳು. ಅಜ್ಜಿ ಅವಳ ಮನೆಯಲ್ಲೇ ಇದ್ದರೂ ಅಜ್ಜಿಗೆ ಇಂಗ್ಲಿಷ್ ಬಾರದು, ಇವಳಿಗೆ ಥಾಯ್ ಬಾರದು. ಆರು ವರ್ಷದಿಂದ ನಗುವುದು, ತಟ್ಟೆ ಮುಂದಕ್ಕೆ ತಳ್ಳುವುದು, ಇಷ್ಟರಲ್ಲೇ ಇಬ್ಬರ ಮಾತುಕತೆ ಮುಗಿಯುತ್ತಿತ್ತು. ಪ್ಲೋಯ್ ತನ್ನ ಕಾರ್ಡನ್ನು ಹೆಮ್ಮೆಯಿಂದ ತೋರಿಸಿದಳು. ಅವಳದೇ ವಕ್ರ ಅಕ್ಷರದ ವಾಕ್ಯ, ನಡುವೆ ಒಂದು ಕಡೆ ವೈಟ್ನರ್ ಹಚ್ಚಿ ಅದರ ಮೇಲೆ ಬೇರೆ ಯಾರೋ ದುಂಡಗೆ ಬರೆದಿದ್ದರು.

"ಇದನ್ನು ಯಾರು ತಿದ್ದಿದರು?"

"ಖ್ರೂ ತಿದ್ದುತ್ತಾರೆ. ಎಲ್ಲರದ್ದೂ ತಿದ್ದುತ್ತಾರೆ," ಎಂದಳು ಹುಡುಗಿ, ಅದರಲ್ಲೇನು ವಿಶೇಷ ಎನ್ನುವ ಹಾಗೆ.

ನಿವೇದಿತಾ ಅವಳ ಟ್ಯಾಬ್ಲೆಟ್ ತೆಗೆದು ಯಂತ್ರ ಕೊಟ್ಟ ಮೂಲ ವಾಕ್ಯವನ್ನು ನೋಡಿದಳು. 'ಅಜ್ಜಿ, ನೀನು ನಮ್ಮ ಸಂಸಾರದವಳು' ಎನ್ನುವ ಅರ್ಥದಲ್ಲಿ ಪ್ಲೋಯ್ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದಳು. ಪಟ್ಟಿಯ ನಲವತ್ತೇಳನೇ ಸಾಲು ಇದೇ. ಯಂತ್ರ ಹುಡುಕಿ ತೆಗೆದ ವಾಕ್ಯದಲ್ಲಿ ಸೊಂಗ್‌ಸಾನ್ ಎಂಬ ಪದವಿತ್ತು. ಆ ಗೂಟ ನಿವೇದಿತಾ ನೆಟ್ಟದ್ದೇ. ಸೊಂಗ್‌ಸಾನ್, ಅಂದರೆ ಸಂಸಾರ. ಅದು ಹುಟ್ಟಿದ್ದೂ ಆ ಪದದಿಂದಲೇ. ಸಂಸಾರ ಎಂದರೆ ಮನೆಮಂದಿ ಎಂದು ಹುಬ್ಬಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಮಕ್ಕಳನ್ನು ಆಟಕ್ಕೆ ಬಿಟ್ಟಾಗ ಪ್ರಾಣಿಯವರು ಅಡುಗೆಮನೆಯ ನಲ್ಲಿಯಲ್ಲಿ ಲೋಟ ತೊಳೆಯುತ್ತಿದ್ದರು. ಅವರಿಬ್ಬರ ಮಾತು ಯಾವಾಗಲೂ ಇಂಗ್ಲಿಷಿನಲ್ಲಿ. ನಿವೇದಿತಾ ಕಾರ್ಡು ಮುಂದೆ ಹಿಡಿದಳು.

"ಖ್ರೂ, ಯಂತ್ರ ಕೊಟ್ಟ ಪದ ತಪ್ಪೇ?"

"ತಪ್ಪೇನಲ್ಲ," ಎಂದು ಅವರು ನಕ್ಕರು. "ಸ್ವಲ್ಪ ಬೇರೆ. ಮೈ ಪೆನ್ ರಾಯ್, ಪರವಾಗಿಲ್ಲ."

ಹೀಗೆ ಕೇಳಿದರೆ ಇವರು ನಾಳೆಯೂ ಪರವಾಗಿಲ್ಲ ಎನ್ನುತ್ತಾರೆ ಎಂದು ನಿವೇದಿತಾಗೆ ಈಗ ಅರ್ಥವಾಗಿತ್ತು. ಪ್ರಶ್ನೆಯನ್ನೇ ಬದಲಿಸಿದಳು.

"ನಿಮ್ಮ ಅಮ್ಮನಿಗೆ ನೀವು ಈ ವಾಕ್ಯ ಹೇಳುತ್ತಿದ್ದಿರಾ?"

ಪ್ರಾಣಿಯವರು ನಲ್ಲಿ ನಿಲ್ಲಿಸಿದರು.

"ಇಲ್ಲ," ಎಂದರು. "ಹೇಳಿದ್ದರೆ ಅಮ್ಮ ಅಳುತ್ತಿದ್ದರು. ಸೊಂಗ್‌ಸಾನ್ ಅಂದರೆ ನಮ್ಮಲ್ಲಿ ಕನಿಕರ. ಬೀದಿಯಲ್ಲಿ ನೆನೆದ ನಾಯಿಮರಿಯನ್ನು ನೋಡಿದರೆ ಆಗುತ್ತದಲ್ಲ, ಅದು. ನಿಮ್ಮ ಯಂತ್ರ ಬರೆದದ್ದು, ಅಜ್ಜಿ, ನಿನ್ನನ್ನು ನೋಡಿದರೆ ನಮಗೆ ಪಾಪ ಅನ್ನಿಸುತ್ತದೆ, ಎಂದು. ಮನೆಮಂದಿಗೆ ನಾವು ಖ್ರೋಪ್‌ಖ್ರುವಾ ಅನ್ನುತ್ತೇವೆ."

ಕಾರ್ಡಿನ ವೈಟ್ನರ್ ಮೇಲೆ ದುಂಡಗೆ ಬರೆದಿದ್ದದ್ದು ಅದೇ ಪದ. ಖ್ರೂ ತಿದ್ದಿರದಿದ್ದರೆ, ಆರು ವರ್ಷ ಮಾತಿಲ್ಲದೆ ಕಳೆದ ಮುದುಕಿಯ ಕೈ ಮೇಲೆ ನೀರು ಸುರಿದು, ಮೊಮ್ಮಗಳು ಮೊದಲ ಬಾರಿ ಬಾಯಿಬಿಟ್ಟು, ನಿನ್ನ ಮೇಲೆ ಕನಿಕರವಿದೆ ಎನ್ನುತ್ತಿದ್ದಳು. ನಿವೇದಿತಾಗೆ ಕೂತುಕೊಳ್ಳಬೇಕೆನಿಸಿತು, ಕುರ್ಚಿ ಇರಲಿಲ್ಲ.

"ಇಂಥವು ಎಷ್ಟು?"

"ತುಂಬ ಇಲ್ಲ."

"ಎಷ್ಟು, ಖ್ರೂ?"

"ವಾರಕ್ಕೆ ಎರಡು ಗಂಟೆಯ ಕೆಲಸ," ಎಂದರು ಪ್ರಾಣಿಯವರು, ಸಿಕ್ಕಿಬಿದ್ದ ಮಗುವಿನ ದನಿಯಲ್ಲಿ. "ಕಾರ್ಡುಗಳನ್ನು ಮನೆಗೆ ಒಯ್ದು ತಿದ್ದಿ ತರುತ್ತೇನೆ. ನೀವು ಅಷ್ಟು ದೂರದಿಂದ ಬರುತ್ತೀರಿ. ಮಕ್ಕಳಿಗೆ ಟ್ಯಾಬ್ಲೆಟ್ ತಂದಿರಿ. ಹಾಳೆ ಕೊಡುವಾಗ ನಿಮ್ಮ ಮುಖ ಅಷ್ಟು ಸಂತೋಷವಾಗಿತ್ತು. ಆ ಮುಖ ನೋಡಿ ಇಂಟು ಹಾಕುವುದು ಹೇಗೆ? ಇದಕ್ಕೆ ನಮ್ಮಲ್ಲಿ ಕ್ರೇಂಗ್‌ಜೈ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಪದ ಇಲ್ಲ."

"ನಮ್ಮಲ್ಲಿ ಇದೆ," ಎಂದಳು ನಿವೇದಿತಾ. "ದಾಕ್ಷಿಣ್ಯ."

ಅವಳಿಗೆ ಸಿಟ್ಟು ಬಂದಿತ್ತು, ಮೊದಲು ಪ್ರಾಣಿಯವರ ಮೇಲೆ. ಪಾರ್ಕಿಂಗ್ ಲಾಟ್ ದಾಟಿ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಆ ಸಿಟ್ಟು ದಿಕ್ಕು ಬದಲಿಸಿ ತನ್ನ ಮೇಲೇ ಬಂದು ಕೂತಿತು. ಅರವತ್ತು ದಾಟಿದ ಹೆಂಗಸು ಇಡೀ ವಾರ ಗೋದಾಮಿನಲ್ಲಿ ನಿಂತು ದುಡಿದು, ನಿವೇದಿತಾಳ ಯಂತ್ರದ ಮಾನ ಕಾಯಲು ವೈಟ್ನರ್ ಹಿಡಿದು ಕೂತಿದ್ದರು. ತಾನು ಮಾತ್ರ ಕ್ಯಾಲ್ಕುಲೇಟರ್ ಒತ್ತಿಕೊಂಡು ಹಿಗ್ಗಿದ್ದಳು.

ಸೋಮವಾರ ಡಬ್ಲಿನ್‌ನಿಂದ ಕ್ಯಾಂಪ್‌ಬೆಲ್‌ವರೆಗೆ ಫ್ರೀವೇ ಉದ್ದಕ್ಕೂ ಮಾತು ಹೊಂದಿಸಿಕೊಂಡಳು. ಪ್ರಾಣಿಯವರಿಗೆ ದಾಕ್ಷಿಣ್ಯದ ಪಾಠ ಹೇಳುವುದು ಸುಲಭ, ಮಧುಕರನ ಎದುರು ನಿಲ್ಲುವಾಗ ಅವಳಿಗೇನು ಕಡಿಮೆ ದಾಕ್ಷಿಣ್ಯವಿತ್ತೇ? ನಲವತ್ತು ಬಾಗಿಲು ಮುಚ್ಚಿದಾಗ ತೆರೆದ ಒಂದೇ ಬಾಗಿಲು ಅವನದು. ಎರಡು ವರ್ಷದಲ್ಲಿ ಅವನಿಗೆ ಅವಳು ಒಮ್ಮೆಯೂ ಆಗುವುದಿಲ್ಲ ಎಂದವಳಲ್ಲ.

ಮಧುಕರ್ ಕಾಫಿ ಹಿಡಿದುಕೊಂಡು ಅವಳ ಟೇಬಲ್ಲಿಗೇ ಬಂದ.

"ಏನ್ರೀ, ಪೇಪರ್ ರೆಡಿನಾ? ಮುಂದಿನ ಸೋಮವಾರ ಡೆಡ್‌ಲೈನು, ಇನ್ನೊಂದೇ ವಾರ ಇರೋದು."

"ಮಧುಕರ್, ಆ ನೈಂಟಿ ಫೋರ್ ಸುಳ್ಳು."

"ಸುಳ್ಳು ಅಂದ್ರೆ? ಲೆಕ್ಕ ತಪ್ಪಿದ್ಯಾ?"

"ಲೆಕ್ಕ ಸರಿ ಇದೆ. ಗುರುತುಗಳೇ ದಾಕ್ಷಿಣ್ಯಕ್ಕೆ ಹಾಕಿರೋದು. ಮತ್ತೆ ನಾನು ಇಟ್ಟ ಪದಗಳಲ್ಲೇ ತಪ್ಪಿದೆ. ಸಂಸ್ಕೃತ ಅಂದ ತಕ್ಷಣ ನಮ್ಮ ಅರ್ಥಾನೇ ಅಲ್ಲೂ ಇರತ್ತೆ ಅಂದ್ಕೊಂಡೆ. ವಾಸನೆ ಅಂದ್ರೆ ಅವ್ರಿಗೆ ಅದೃಷ್ಟ. ವ್ಯಾಯಾಮ ಅಂದ್ರೆ ಪ್ರಯತ್ನ. ಸಂಸಾರ ಅಂದ್ರೆ ಕನಿಕರ. ನಿನ್ನೆ ಮನೆಗೆ ಹೋಗಿ ಡಿಕ್ಷನರಿ ತೆಗೆದು ನೋಡ್ದೆ. ಅದನ್ನ ಮೊದಲೇ ಮಾಡ್ಬೇಕಿತ್ತು."

ಮಧುಕರನಿಗೆ ನಗು ಬಂತು, ಆದರೆ ನಗಲಿಲ್ಲ. "ಸಂಸಾರ ಅಂದ್ರೆ ಕನಿಕರನಾ? ಸರಿಯಾಗೇ ಇದೆಯಲ್ರೀ," ಎಂದ. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತ. "ನೋಡಿ, ಪೇಪರ್ ಕೊನೇಲಿ ಲಿಮಿಟೇಷನ್ಸ್ ಅಂತ ಒಂದು ಪ್ಯಾರಾ ಇರತ್ತಲ್ಲ. ಒಬ್ಬರೇ ಟೀಚರ್ ನೋಡಿದ್ದು ಅಂತ ಅಲ್ಲೊಂದು ಸಾಲು ಸೇರಿಸಿಬಿಡಿ. ಎಲ್ರೂ ಹಾಗೇ ಮಾಡೋದು."

'ಆಯ್ತು' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಒಂದು ಸಾಲು, ಅಷ್ಟೇ. ಪೇಪರ್ ಹೋಗುತ್ತದೆ, ಹೆಸರು ಬರುತ್ತದೆ, ಥಾಯ್ ಉಳಿಯುತ್ತದೆ. ಪ್ಲೋಯ್‌ಳ ಕಾರ್ಡಿನ ಮೇಲಿನ ವೈಟ್ನರ್ ಕಣ್ಣ ಮುಂದೆ ಬಂತು.

"ಆಗಲ್ಲ, ಮಧುಕರ್," ಎಂದಳು. "ನೀವು ನನಗೆ ಮಾಡಿದ್ದನ್ನ ನಾನು ಮರೆತಿಲ್ಲ. ಆದ್ರೆ ಇದು ಆಗಲ್ಲ."

ಅವನು ಕಾಫಿ ಲೋಟವನ್ನು ಕೆಳಗಿಟ್ಟ. ಬೇಸರವಾಗಿತ್ತು, ಅದನ್ನು ಬಚ್ಚಿಡಲಿಲ್ಲ.

"ಹಾಗಾದ್ರೆ ನಿಜವಾದ ನಂಬರ್ ತನ್ನಿ. ಶನಿವಾರದೊಳಗೆ. ಏಯ್ಟಿ ಫೈವ್ ಇಲ್ಲ ಅಂದ್ರೆ ನಾನೇನೂ ಮಾಡಕ್ಕಾಗಲ್ಲ, ಈಗಲೇ ಹೇಳ್ತಿದ್ದೀನಿ."

ಶನಿವಾರ ಪ್ರಾಣಿಯವರು ಮತ್ತೆ ಡಬ್ಲಿನ್‌ಗೆ ಬಂದರು. ಊಟದ ಮೇಜಿನ ಮೇಲೆ ಅದೇ ಐನೂರು ಸಾಲುಗಳ ಹೊಸ ಪ್ರಿಂಟು, ಪಕ್ಕದಲ್ಲಿ ರೈಟಿಗೆ ಹಸಿರು ಪೆನ್ನು, ಇಂಟಿಗೆ ಕೆಂಪು ಪೆನ್ನು. ನಿವೇದಿತಾ ಎಲ್ಲ ಬಿಡಿಸಿ ಹೇಳಿದಳು, ಕೈ ಹಿಡಿದು ಕೇಳಿಕೊಂಡಳು. ಪ್ರಾಣಿಯವರು ಆಯಿತು ಆಯಿತು ಎಂದು ಪೆನ್ನು ತೆಗೆದುಕೊಂಡರು. ಒಂದು ಗಂಟೆಯ ಮೇಲೆ ಬಂದು ನೋಡಿದರೆ ನಲವತ್ತು ಸಾಲಿಗೆ ಮೂವತ್ತೊಂಬತ್ತು ರೈಟು, ಒಂದರ ಮುಂದೆ ಸಾಸಿವೆ ಕಾಳಿಗಿಂತ ಸಣ್ಣ ಒಂದು ಚುಕ್ಕಿ.

"ಇದೇನು ಖ್ರೂ?"

"ಇದು ಅಷ್ಟು ಸರಿ ಇಲ್ಲ," ಎಂದರು ಅವರು, ಬಹಳ ಕಷ್ಟಪಟ್ಟು.

ನಿವೇದಿತಾ ಅಡುಗೆಮನೆಗೆ ಹೋಗಿ ಕಟ್ಟೆಗೆ ಒರಗಿ ನಿಂತಳು. "ಆಗೂದಿಲ್ಲರೀ ಅತ್ತಿ. ಅವರ ಕೈಲಿ ತಪ್ಪು ಅನ್ನಿಸೂದು ಈ ಜನ್ಮದಾಗ ಆಗೂದಿಲ್ಲ."

"ಊಟಕ್ಕ ಕರಿ," ಎಂದರು ದಾನವ್ವ. ಬಾಣಲೆಯಲ್ಲಿ ಎಣ್ಣೆಗಾಯಿ ಕುದಿಯುತ್ತಿತ್ತು. ಸೊಸೆಯ ಕಿವಿಗೆ ಬಾಯಿ ಹಚ್ಚಿ, "ಇವತ್ತ ಬೇಕಂತನ ಎರಡು ಸರ್ತಿ ಹಾಕೀನಿ. ನೋಡೂಣಂತ," ಎಂದರು.

"ಅಯ್ಯ ಅತ್ತಿ! ಬಂದವರಿಗೆ ಹಿಂಗ ಮಾಡ್ತಾರೇನ್ರೀ?"

"ಬಂದವರಿಗೆ ಮಾಡೂದಿಲ್ಲ. ನಮ್ಮವರಿಗೆ ಮಾಡಬಹುದು."

ಈ ಸಲ ದಾನವ್ವ ಪದ್ಧತಿ ಮುರಿದು ಪ್ರಾಣಿಯವರ ಎದುರೇ ತಟ್ಟೆ ಹಾಕಿಕೊಂಡು ಕುಳಿತರು. ಆ ದಿನ ಈಜಿನ ಕ್ಲಾಸಿಲ್ಲದ ಲಾಸ್ಯಾಳನ್ನೂ ಕೂರಿಸಿದರು, ಒಪ್ಪೊತ್ತಿನ ಸೊಸೆಯನ್ನೂ ಕೂರಿಸಿದರು. ಪ್ರಾಣಿಯವರು ರೊಟ್ಟಿ ಮುರಿದು ಬದನೆಕಾಯಿಗೆ ಅದ್ದಿ ಬಾಯಿಗಿಟ್ಟರು. ದವಡೆ ನಿಂತಿತು. ಕಣ್ಣೆತ್ತಿ ನೋಡಿದರೆ ದಾನವ್ವ ರೆಪ್ಪೆ ಬಡಿಯದೆ ಅವರನ್ನೇ ನೋಡುತ್ತಿದ್ದಾರೆ. ಪ್ರಾಣಿಯವರು ನುಂಗಿದರು. "ಅರೋ..." ಎಂದು ಶುರು ಮಾಡಿದರು.

ದಾನವ್ವ ತಾನೂ ಒಂದು ದೊಡ್ಡ ತುತ್ತು ಬಾಯಿಗೆ ಹಾಕಿಕೊಂಡು, ಮುಖ ಹುಳ್ಳಗೆ ಮಾಡಿ, ನಾಲಿಗೆ ಹೊರಚಾಚಿ, ಎರಡೂ ಕೈ ಎತ್ತಿ ಅಲ್ಲಾಡಿಸಿದರು. "ಥೂ, ಉಪ್ಪು! ಬರೇ ಉಪ್ಪು!" ಆಮೇಲೆ ಪ್ರಾಣಿಯವರ ಕಡೆ ಬೆರಳು ಮಾಡಿ, ಈಗ ನೀನು ಹೇಳು ಎಂಬಂತೆ ಗದ್ದ ಎತ್ತಿದರು.

ಪ್ರಾಣಿಯವರು ತಟ್ಟೆ ನೋಡಿದರು, ನಿವೇದಿತಾಳನ್ನು ನೋಡಿದರು, ಮತ್ತೆ ಆ ಮುದುಕಿಯನ್ನು ನೋಡಿದರು.

"ಖೆಮ್," ಎಂದರು ಪಿಸುದನಿಯಲ್ಲಿ. ಆಮೇಲೆ ಸ್ವಲ್ಪ ಜೋರಾಗಿ, "ಖೆಮ್! ತುಂಬ ಉಪ್ಪು! ಹೋದ ಸಲವೂ ತುಂಬ ಉಪ್ಪು!" ಎಂದುಬಿಟ್ಟು, ತಾವೇ ಹೆದರಿದವರಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಅಂದಳು ನೋಡು!" ಎಂದು ದಾನವ್ವ ಮೇಜು ಗುದ್ದಿದರು. ಲಾಸ್ಯಾ ಬಿದ್ದು ಬಿದ್ದು ನಕ್ಕಳು. ಪ್ರಾಣಿಯವರಿಗೂ ನಗು ತಡೆಯಲಾಗಲಿಲ್ಲ, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ದಾನವ್ವ ಎದ್ದು ಹೋಗಿ ಸರಿಯಾಗಿ ಉಪ್ಪು ಹಾಕಿ ಬೇರೆ ಮಾಡಿಟ್ಟಿದ್ದ ಬೇಳೆ ಪಲ್ಯ ತಂದು ಬಡಿಸಿದರು.

ಊಟವಾದ ಮೇಲೆ ಪ್ರಾಣಿಯವರು ಹಾಳೆಗಳನ್ನು ಎಳೆದುಕೊಂಡು ಮೊದಲನೆಯ ಸಾಲಿನಿಂದ ಮತ್ತೆ ಶುರು ಮಾಡಿದರು. ಮೂರನೇ ಸಾಲಿಗೆ ಮೊದಲ ಇಂಟು ಬಿತ್ತು. ಹನ್ನೊಂದಕ್ಕೆ ಇನ್ನೊಂದು. ನಲವತ್ತೇಳಕ್ಕೆ ಬಂದಾಗ ದೊಡ್ಡದೊಂದು ಇಂಟು ಹಾಕಿ, ಪಕ್ಕದಲ್ಲಿ ಖ್ರೋಪ್‌ಖ್ರುವಾ ಎಂದು ತಮ್ಮ ಲಿಪಿಯಲ್ಲಿ ಬರೆದರು. ಒಂದೊಂದು ಇಂಟಿಗೂ ನಿವೇದಿತಾಗೆ ಒಳಗೆ ಚುರುಕ್ಕೆನ್ನುತ್ತಿತ್ತು, ಆದರೂ ಮುಂದಿನದನ್ನು ಕಾಯುತ್ತಿದ್ದಳು. ಸಂಜೆ ಏಳರ ಹೊತ್ತಿಗೆ ನೂರ ನಲವತ್ತು ಇಂಟುಗಳಾಗಿದ್ದವು. ಯಂತ್ರ ಉತ್ತರಿಸದ ಮೂವತ್ತನ್ನೂ ಕಳೆದರೆ ನೂರಕ್ಕೆ ಅರವತ್ತಾರು. ಈ ಸಲ ಕ್ಯಾಲ್ಕುಲೇಟರ್ ತೆಗೆಯಲಿಲ್ಲ.

ಅವಳು ಅಲ್ಲೇ ಕುಳಿತು ಮಧುಕರನಿಗೆ ಮೆಸೇಜು ಮಾಡಿದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಪೇಪರ್ ಬೇಡ. ಥಾಯ್ ಜೂನ್‌ವರೆಗೆ ಮಾತ್ರ, ಜುಲೈಯಿಂದ ನೀವೂ ಸ್ಪ್ಯಾನಿಷ್‌ಗೆ. ಅವನು ಹೇಳಿದ ಮಾತಿನಂತೆ ನಡೆದುಕೊಂಡಿದ್ದ, ದೂರುವುದಕ್ಕೆ ಏನೂ ಇರಲಿಲ್ಲ. ಆದರೂ ಒಂಬತ್ತು ವರ್ಷದ ಪ್ರಶ್ನೆ ಮತ್ತೆ ಹಾಗೆಯೇ ಉಳಿಯಿತು. ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿದಳು.

ಪ್ರಾಣಿಯವರು ಅವಳ ಮುಖ ನೋಡಿದರು. "ನಂಬರ್ ತುಂಬ ಇಳಿಯಿತೇ?" ಎಂದರು. ಕೆಂಪು ಪೆನ್ನು ಬಿಟ್ಟು ಹಸಿರು ಪೆನ್ನಿಗೆ ಕೈ ಹಾಕಿದರು. "ಕೆಲವಕ್ಕೆ ರೈಟ್ ಮಾಡಿಕೊಡಲೇ?"

"ಬೇಡ ಖ್ರೂ," ಎಂದು ನಿವೇದಿತಾ ಹಸಿರು ಪೆನ್ನನ್ನು ತೆಗೆದಿಟ್ಟಳು. "ಇನ್ನೂ ಮೂರು ತಿಂಗಳಿದೆ. ಮೊದಲು ನನ್ನ ಮುನ್ನೂರು ಗೂಟ ಕೀಳೋಣ."

ಹೊರಡುವ ಹೊತ್ತಿಗೆ ದಾನವ್ವ ರೂಢಿಯಂತೆ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಉಪ್ಪು ಹೆಚ್ಚಾದ ಎಣ್ಣೆಗಾಯಿಯನ್ನೇ ತುಂಬಿದ್ದರು, ಮುಖದಲ್ಲಿ ತುಂಟತನ. ಪ್ರಾಣಿಯವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು, ಮುಚ್ಚಿದರು, ವಾಪಸ್ಸು ದಾನವ್ವನ ಕೈಗಿಟ್ಟರು. ಮಧ್ಯಾಹ್ನವೆಲ್ಲ ದಾನವ್ವನ ಬಾಯಲ್ಲಿ ಕೇಳಿ ಕಲಿತಿದ್ದ ಪದವೊಂದು ಅವರ ಬಾಯಿಂದ ಬಂತು.

"ಬ್ಯಾಡ," ಎಂದರು.

ದಾನವ್ವ ಅವರ ಎರಡೂ ಕೆನ್ನೆ ಸವರಿ ಲಟಿಕೆ ಮುರಿದರು. "ಈಗ ನೀ ನಮ್ಮ ಸಂಸಾರದಾಕಿ ಆದಿ ನೋಡು."

ಪ್ರಾಣಿಯವರ ಕಿವಿ ಚುರುಕಾಯಿತು. ನಿವೇದಿತಾಳ ಕಡೆ ತಿರುಗಿ, "ಸೊಂಗ್‌ಸಾನ್ ಅಂದರಾ? ಅಮ್ಮನಿಗೆ ನನ್ನ ಮೇಲೆ ಕನಿಕರವೇ?" ಎಂದು ಕೇಳಿದರು.

"ಇಲ್ಲ ಖ್ರೂ. ಇದು ನಮ್ಮ ಸಂಸಾರ," ಎಂದಳು ನಿವೇದಿತಾ. "ಖ್ರೋಪ್‌ಖ್ರುವಾ. ನೀವು ನಮ್ಮ ಮನೆಯವರು ಅಂತ ಹೇಳುತ್ತಿದ್ದಾರೆ."

ಪ್ರಾಣಿಯವರು ಬಾಗಿಲಲ್ಲೇ ನಿಂತು ಮೇಜಿನ ಮೇಲಿದ್ದ ಹಾಳೆಗಳ ಕಡೆ ಒಮ್ಮೆ ನೋಡಿದರು.

"ಹಾಗಾದರೆ ನಲವತ್ತೇಳನೇ ಸಾಲು ಸರಿಯಾಗಿತ್ತಲ್ಲ. ಅದೊಂದಕ್ಕಾದರೂ ರೈಟ್ ಹಾಕಲೇ?"

"ಬೇಡ," ಎಂದಳು ನಿವೇದಿತಾ. "ಥಾಯ್‌ನಲ್ಲಿ ಅದು ತಪ್ಪೇ. ಹಾಗೇ ಇರಲಿ."

ಪ್ರಾಣಿಯವರು ಒಪ್ಪಿಕೊಂಡು, ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ತೆಗೆದುಕೊಂಡು ತಮ್ಮ ಬ್ಯಾಗಿನಲ್ಲಿ ವೈಟ್ನರ್ ಇಡುತ್ತಿದ್ದ ಜಾಗಕ್ಕೆ ಸೇರಿಸಿ, ಮುಂದಿನ ಶನಿವಾರ ಎಷ್ಟು ಗಂಟೆಗೆ ಬರಬೇಕೆಂದು ಕೇಳಿದರು.